ಕೊತ್ತಿಗೆ ಹೇಳಿದ ಮಾತು

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ ಇದೆ. ಆ ಮನೆಯಲ್ಲಿ ಕೋಪವಷ್ಟೇ ಅಲ್ಲ, ಇಡೀ ಸಂಸಾರದ ಮಾತುಕತೆಯೇ ಕೊತ್ತಿಯ ಮೂಲಕ ನಡೆಯುತ್ತಿತ್ತು. ಅತ್ತೆ ಸೊಸೆ ಮಾತು ಬಿಟ್ಟು ವರ್ಷಗಳಾಗಿದ್ದವು. ಯಾವ ಮಾತಿಗೆ ಮುನಿಸು ಶುರುವಾಯಿತೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಮೊದಲು ಯಾರು ಸೋಲಬೇಕೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಲಾರಿ ಓಡಿಸುವ ಮಗರಾಯ ವಾರಕ್ಕೊಮ್ಮೆ ಬಂದು, ಉಂಡು, ಮಲಗಿ, ಜಾಣಕಿವುಡನಂತೆ ಎದ್ದು ಹೋಗುತ್ತಿದ್ದ. ಹಾಗಾಗಿ ದೂತನ ಕೆಲಸ ದೊರೆಯ ಪಾಲಿಗೆ ಬಂದಿತ್ತು. ದೊರೆ ಎಂದರೆ ಮನೆಯ ಬೂದುಬಣ್ಣದ ಗಂಡುಬೆಕ್ಕು.

“ದೊರೆ, ಹಾಲು ಉಕ್ತಾ ಇದೆ ಅಂತ ಹೇಳೋ,” ಎನ್ನುವರು ಅತ್ತೆ.

“ದೊರೆ, ನನಗೂ ಮೂಗಿದೆ ಅಂತ ಹೇಳೋ,” ಎನ್ನುವಳು ಹೊಲಿಗೆ ಮೆಷಿನ್ ಮುಂದೆ ಕೂತ ಸೊಸೆ. ದೊರೆ ಇಬ್ಬರ ಕಡೆಗೂ ಒಂದೊಂದು ಸಲ ಕಿವಿ ತಿರುಗಿಸಿ ಮತ್ತೆ ನಿದ್ದೆಹೋಗುತ್ತಿದ್ದ.

ಅವತ್ತು ಸೊಸೆ ಶಾಲೆಯ ಸಮವಸ್ತ್ರದ ರಾಶಿಯಲ್ಲಿ ಮುಳುಗಿದ್ದಳು. ಬೆಕ್ಕು ಬಹಿರ್ದೆಸೆಗೆ ಕೂರುವ ಮರಳಿನ ತಟ್ಟೆ ಶುಚಿ ಮಾಡಲು ಹಿಂಬಾಗಿಲಿಗೆ ಹೋದ ಅತ್ತೆ ಅಲ್ಲಿಂದಲೇ ಗಟ್ಟಿಯಾಗಿ ಹೇಳಿದರು: “ಏನೋ ಇದು! ಬೆಳಿಗ್ಗೆಯಿಂದ ಕೂತಿದ್ದೇ ಕೂತಿದ್ದು, ತಿಣುಕಿದ್ದೇ ತಿಣುಕಿದ್ದು. ಆಗಿದ್ದು ಮಾತ್ರ ಏನೂ ಇಲ್ಲ.”

ಸೊಸೆಯ ಎದೆಗೆ ನಾಟಿತು. ಬೆಳಿಗ್ಗೆಯಿಂದ ಕೂತಿದ್ದವಳು ಅವಳೇ. ಎಡತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಹೊಲಿಯುವುದರಲ್ಲಿ ಒಂದಂಗಿಯೂ ಮುಗಿದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. “ದೊರೆ, ಕೈಲಾಗೋರು ಬಂದು ಹೊಲಿದು ತೋರಿಸಲಿ ಅಂತ ಹೇಳೋ,” ಎಂದು ಮೆಷಿನ್ ಜೋರಾಗಿ ತುಳಿದಳು. ಆ ಸದ್ದಿನಲ್ಲಿ ಬೆಕ್ಕಿನ ನರಳಾಟ ಅವಳಿಗೆ ಕೇಳಿಸಲಿಲ್ಲ.

ಮರುದಿನ “ಇವತ್ತೂ ಅದೇ ಹಾಡು,” ಎಂದರು ಅತ್ತೆ. ಸೊಸೆ ಹಲ್ಲುಕಚ್ಚಿ ಗುಂಡಿ ಹೊಲಿದಳು.

ಅದರ ಮರುದಿನ ಬೆಳಿಗ್ಗೆ ದೊರೆ ಮೆಷಿನ್ ಕೆಳಗೆ ಸುಮ್ಮನೆ ಮಲಗಿದ್ದ. ರಾತ್ರಿಯೆಲ್ಲ ಕೂಗಿದ್ದವನು ಸದ್ಯ ತಣ್ಣಗಾದನಲ್ಲ ಅಂದುಕೊಂಡು ಸೊಸೆ ಅವನ ತಲೆ ಸವರಿದಳು. ಕಿವಿ ನಿಜಕ್ಕೂ ತಣ್ಣಗಿತ್ತು. ಎತ್ತಿ ನಿಲ್ಲಿಸಿದರೆ ಹಿಂಗಾಲು ನಿಲ್ಲಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಅರ್ಧ ಹೊಲಿದ ಅಂಗಿಯಲ್ಲೇ ಸುತ್ತಿಕೊಂಡು ಅವಳು ಬೀದಿಗೆ ಓಡಿದಳು. ಹಿಂದೆಯೇ ಅತ್ತೆ, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಸೊಸೆಯದು ಹಾಕಿಕೊಂಡು, ಏದುಸಿರು ಬಿಡುತ್ತ ಬಂದರು.

ಪ್ರಾಣಿಗಳ ಡಾಕ್ಟರಮ್ಮ ಬೆಕ್ಕಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. “ಹೆದರಿದ ಬೆಕ್ಕಿನ ಎದೆ ಓಡಬೇಕು. ಇದರದು ತಡವರಿಸ್ತಾ ನಡೀತಿದೆ. ಮೂತ್ರ ಹೋಗಿ ಎಷ್ಟು ಹೊತ್ತಾಯ್ತು?”

“ನಿನ್ನೆ ಹೋಗಿರಬೇಕು...” ಸೊಸೆ ತೊದಲಿದಳು.

ಅತ್ತೆ ಮೇಜಿನ ಮೇಲೆ ಬಾಗಿದರು. “ದೊರೆ, ಮೊನ್ನೆಯಿಂದ ಅಂತ ಹೇ...” ದೊರೆಯ ಕಿವಿ ಅಲುಗಲಿಲ್ಲ. ಆಮೇಲೆ ಅವರು ಸೊಸೆಯ ಮುಖವನ್ನೇ ನೋಡಿದರು. “ಮೊನ್ನೆಯಿಂದ ಹೋಗಿಲ್ಲ ಕಣೇ. ಮರಳು ಒಣಗಿದ್ದು ಒಣಗಿದ ಹಾಗೇ ಇತ್ತು. ನಾನು ಹೇಳಿದ್ನಲ್ಲ!”

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು. ಮೂತ್ರಕೋಶ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. “ಮೂತ್ರದ ದಾರಿ ಕಟ್ಟಿದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ನಿಂತು ವಿಷ ಆಗಿದೆ. ಕಾಲು ಬಿದ್ದಿರೋದು, ಈ ಮಂಪರು, ಎಲ್ಲ ಅದರಿಂದಾನೇ. ಈಗ ಅದು ಎದೆಗೂ ಕೈ ಹಾಕಿದೆ. ಮೊದಲು ಹೃದಯ ನಿಲ್ಲದ ಹಾಗೆ ಕ್ಯಾಲ್ಸಿಯಂ ಕೊಡ್ತೀನಿ, ಆಮೇಲೆ ಸಣ್ಣ ನಳಿಕೆ ಹಾಕಿ ದಾರಿ ಬಿಡಿಸ್ತೀನಿ. ಉಳಿಯುತ್ತೆ ಅಂತ ಮಾತು ಕೊಡಲಾರೆ. ನೀವಿಬ್ಬರೂ ಹೊರಗಿರಿ.”

ಹೊರಗೆ ಒಂದೇ ಬೆಂಚು. ಒಳಗೆ ದೊರೆಯ ಎದೆಬಡಿತ ಎಣಿಸುವ ಯಂತ್ರದ ಟಿಕ್ ಟಿಕ್ ಬಾಗಿಲಾಚೆಗೂ ಕೇಳುತ್ತಿತ್ತು. ಒಂದು ಟಿಕ್ ಆಗಿ ಇನ್ನೊಂದು ಬರುವಷ್ಟರಲ್ಲಿ ಇಬ್ಬರ ಜೀವವೂ ಬಾಯಿಗೆ ಬರುತ್ತಿತ್ತು. ಸೊಸೆಗೆ ತಡೆಯಲಾಗಲಿಲ್ಲ.

“ಅತ್ತೆ, ಮೊನ್ನೆ ನೀವು ಹೇಳಿದ್ದು ನನಗೆ ಅಂದ್ಕೊಂಡೆ. ಕೂತಿದ್ದೇ ಕೂತಿದ್ದು ಅಂದ್ರಲ್ಲ, ಅದು.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತರು. ಒಳಗಿನ ಸದ್ದು ಮೆಲ್ಲಗೆ ಚುರುಕಾಗತೊಡಗಿತು. ಅದು ಒಳ್ಳೆಯದೋ ಕೆಟ್ಟದ್ದೋ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಡಾಕ್ಟರಮ್ಮ ಬಾಗಿಲು ತೆರೆದರು. ಹಣೆ ಬೆವೆತಿತ್ತು.

“ಬಡಿತ ಹಿಡಿತಕ್ಕೆ ಬಂತು. ಮೂತ್ರಾನೂ ಹೋಗ್ತಿದೆ. ಕೆಲವು ದಿನ ಇಲ್ಲೇ ಇರಲಿ, ಮತ್ತೆ ಕಟ್ಟಿಕೊಳ್ಳಬಹುದು. ಆದರೆ ಈಗ ತಲೆ ಎತ್ತಿ ನೋಡ್ತಿದೆ.”

ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಕೈ ಇಟ್ಟರು.

“ಸುಳ್ಳು ಯಾಕೆ ಹೇಳಲಿ ಕಣೇ,” ಎಂದರು. “ಅರ್ಧ ನಿನಗೇ ಹೇಳಿದ್ದು.”

ಸೊಸೆ ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದಳು. ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ನನ್ನ ಪಾಲಿಂದು ಇನ್ನು ನನಗೇ ಕೊಡಿ, ಅತ್ತೆ. ಅವನ ಎದೆ ಅಷ್ಟೆಲ್ಲ ಹೊರಲಾರದು.”