ಗೋಡೆಗೆ ಹಾಕುವ ಫೋಟೋ

ಟಿವಿಯ ಹಾಡಿನ ಸ್ಪರ್ಧೆಯ ಫೈನಲ್ ದಿನ ಮಾತೇ ಹೊರಡದೆ ಕೂತಿದ್ದ ಹುಡುಗಿಯ ತೋಳಿಗೆ ಇಂಜೆಕ್ಷನ್ ಕೊಡಿಸಿ, ಮೂರು ಹಾಡು ಹಾಡಿಸಿ, ಗೆದ್ದಳೆಂದು ತಲೆಗೆ ಕಿರೀಟ ಇಟ್ಟರು. ಮರುದಿನ ಬೆಳಿಗ್ಗೆ ಅವಳಿಗೆ ಮೇಲಿನ ಸ್ವರಗಳು ಇರಲಿಲ್ಲ. ಆಮೇಲೆ ಬರಲೂ ಇಲ್ಲ.

ಮನೆಯಲ್ಲಿ ಅವಳನ್ನು ತುತ್ತೂರಿ ಎಂದು ಕರೆಯುತ್ತಿದ್ದರು. ಹುಟ್ಟಿದ ಗಳಿಗೆಯಲ್ಲೇ ಆಸ್ಪತ್ರೆಯ ಸೂರು ಹಾರಿಹೋಗುವಂತೆ ಕಿರುಚಿದ್ದಳೆಂದು ಅಣ್ಣ ಇಟ್ಟ ಹೆಸರು. ಆ ಬೆಳಿಗ್ಗೆ ಬಚ್ಚಲಮನೆಯಿಂದ ಬರಿ ಗಾಳಿ ಹೊರಟ ಸದ್ದು ಕೇಳಿ ಅಣ್ಣ, "ಏನೇ, ತುತ್ತೂರಿ ಪಂಚರ್ ಆಯ್ತಾ?" ಎಂದು ಛೇಡಿಸಿದ. ಅವಳೂ ನಕ್ಕಳು. ವಾರ ಕಳೆದು ಗಂಟಲು ಡಾಕ್ಟರು, "ಊದಿಕೊಂಡ ಗಂಟಲಿಗೆ ನೋವು ಗೊತ್ತಾಗದ ಹಾಗೆ ಮಾಡಿ ಹಾಡಿಸಿದ್ದಾರಲ್ಲಮ್ಮ, ಒಳಗೆ ರಕ್ತನಾಳ ಒಡೆದು ಗಾಯವಾಗಿದೆ. ಮುರಿದ ಕಾಲನ್ನ ಮರಗಟ್ಟಿಸಿ ಓಡಿಸಿದ ಹಾಗೆ" ಎಂದಾಗ, ಅದೇ ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತ.

ಕಾರ್ಯಕ್ರಮ ನಡೆಸುತ್ತಿದ್ದವನಿಗೆ ಚಾನೆಲ್ಲಿನವರೆಲ್ಲ ಬೆನ್ನ ಹಿಂದೆ ಸಕ್ಕರೆ ಸಾರ್ ಎನ್ನುತ್ತಿದ್ದರು. ಕತ್ತು ಕುಯ್ಯುವಾಗಲೂ ಕಂದಾ ಎಂದೇ ಮಾತಾಡಿಸುವವನು. "ಯಾರ ಹತ್ರಾನೂ ಬಾಯಿ ಬಿಡಬೇಡ ಕಂದಾ. ಗಂಟಲು ಹೋಯ್ತು ಅಂದ್ರೆ ಯಾರು ಕರೀತಾರೆ? ಹಾಡಿಗಿಂತ ನಟನೆ ಇಷ್ಟ ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ಹಳೆಯ ಸುತ್ತುಗಳಲ್ಲಿ ಮುದ್ರಿಸಿದ್ದ ಹಾಡುಗಳನ್ನೇ ಪೋಣಿಸಿ ಅವಳ ಹೆಸರಲ್ಲಿ ಆಲ್ಬಂ ತಂದ. ವೇದಿಕೆಗಳಲ್ಲಿ ಅವಳು ಆ ಮುದ್ರಣಕ್ಕೆ ಬರಿ ತುಟಿ ಆಡಿಸಿದಳು. ತನ್ನ ದನಿಗೆ ತಾನೇ ಗೊಂಬೆಯಾದಳು. ಸ್ಪೀಕರ್ ಒಂದು ಕ್ಷಣ ಕೊಂಯ್ ಎಂದರೆ ಸಾಕು, ಬೆವರು ಬೆನ್ನ ಮೇಲೆ ಇಳಿದು ಸೊಂಟ ಒದ್ದೆಯಾಗುತ್ತಿತ್ತು.

ಆ ಭಯ ತಾಳಲಾರದೆ ಅವಳು ನಾಟಕ ತಂಡವೊಂದರ ಬಾಗಿಲು ಬಡಿದಳು. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಗೋದಾಮಿನಂಥ ಕೋಣೆ, ಮೂಲೆಯಲ್ಲಿ ಮುರಿದ ಕುರ್ಚಿಗಳ ರಾಶಿ, ಕಿಟಕಿಗೆ ಹಳೆಯ ಪರದೆ. ದೊಡ್ಡಮ್ಮ ಅವಳ ಮಾತು ಕೇಳಿದವಳೇ, "ನಿನ್ನ ದನಿ ಒಡೆದಿದೆ. ಯಾರು ಒಡೆದರು ಅಂತ ಕೇಳಲ್ಲ, ನೀನಾಗಿ ಹೇಳೋ ದಿನ ಕೇಳಿಸ್ಕೋತೀನಿ. ಒಡೆದದ್ದರಲ್ಲೇ ಮಾತಾಡು. ಮುಚ್ಚಿಡಕ್ಕೆ ಹೋದ್ರೆ ಇದೂ ಹೋಗುತ್ತೆ" ಎಂದಳು. ಕೆಳಗಿನ ದನಿಯಲ್ಲಿ ಉಸಿರು ಹಿಡಿದು ಮಾತಾಡುವುದನ್ನು ಕಲಿಸಿದಳು. ತುತ್ತೂರಿ ಅಲ್ಲಿ ಮುದುಕಿಯಾದಳು, ಜೈಲರ್ ಆದಳು, ಒಮ್ಮೆ ಕತ್ತೆಯೂ ಆದಳು. ಆದರೆ ಯಾರು ಒಡೆದರೆಂದು ಮಾತ್ರ ಹೇಳಲಿಲ್ಲ.

ಆ ಒರಟು ದನಿಯೇ ಅವಳನ್ನು ಅದೇ ಚಾನೆಲ್ಲಿನ ಧಾರಾವಾಹಿಗೆ ಎಳೆದು ತಂದಿತು. ವಿಷ ಕಕ್ಕುವ ನಾದಿನಿಯ ಪಾತ್ರ. ತರಕಾರಿ ಅಂಗಡಿಯಲ್ಲಿ ಹೆಂಗಸರು, "ಆ ಪಾಪದ ಹುಡುಗಿಗೆ ಯಾಕಮ್ಮ ಹಂಗೆ ಗೋಳು ಹೊಯ್ಕೋತೀಯ?" ಎಂದು ಬೈದು, ಸೆಲ್ಫಿಯನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಅಣ್ಣನ ಕೆಲಸ ಹೋದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಈ ನಾದಿನಿಯಿಂದಲೇ.

ಧಾರಾವಾಹಿಯವರಿಗೆ ಒಂದು ಅಂಜಿಕೆ ಇದೆ. ಕಥೆಯ ಹಾಳೆಗಳು ಆಯಾ ದಿನವೇ ಸೆಟ್ಟಿಗೆ ಬರುತ್ತವೆ. ತಾನು ನಾಳೆ ಬದುಕಿರುತ್ತೇನೋ ಇಲ್ಲವೋ ಎಂಬುದು ಯಾವ ನಟಿಗೂ ತಿಳಿಯದು. ತಿಳಿಯುವುದು ಫೋಟೋ ತೆಗೆಯುವವನಿಂದ. ಅವನು ಬಂದು ಬಿಳಿ ಗೋಡೆಯ ಮುಂದೆ ನಿಲ್ಲಿಸಿ, ನೇರ ನೋಡಿಸಿ, ನಗಿಸಿ ಒಂದೇ ಒಂದು ಫೋಟೋ ತೆಗೆದನೆಂದರೆ ಮುಗಿಯಿತು. ಅದು ಗೋಡೆಗೆ ಹಾಕುವ ಫೋಟೋ. ಕಥೆಯಲ್ಲಿ ಸತ್ತವರದು. ಆಮೇಲೆ ಮೇಕಪ್ಪಿನವಳು ಕೂಡ ಮಾತು ಕಡಿಮೆ ಮಾಡುತ್ತಾಳೆ.

ಒಂದು ಮಧ್ಯಾಹ್ನ ಫೋಟೋದವನು ತುತ್ತೂರಿಯ ಹತ್ತಿರ ಬಂದ. ಅವಳ ಮುಖ ನೋಡದೆ ಲೆನ್ಸ್ ಒರೆಸುತ್ತ, "ಅಕ್ಕಾ, ಸ್ವಲ್ಪ ಈ ಗೋಡೆ ಹತ್ರ ಬರ್ತೀರಾ? ಒಂಚೂರು ನಗಿ" ಎಂದ. ಅವಳು ನಕ್ಕಳು. ನಗು ಅಂಟಿಕೊಂಡೇ ಉಳಿಯಿತು, ಕೆನ್ನೆ ನೋಯತೊಡಗಿದರೂ ಬಿಡಿಸಲಾಗಲಿಲ್ಲ.

ಅರ್ಧ ಗಂಟೆಯಲ್ಲಿ ಸಕ್ಕರೆ ಸಾರ್ ಹೇಳಿ ಕಳಿಸಿದ. ಪಕ್ಕದ ಕಟ್ಟಡದಲ್ಲಿ ಈ ವರ್ಷದ ಹಾಡಿನ ಸ್ಪರ್ಧೆಯ ಫೈನಲ್ಲಿಗೆ ದೀಪ ಕಟ್ಟುತ್ತಿದ್ದರು.

"ಬಾ ಕಂದಾ. ಒಂದು ಸಣ್ಣ ಕೆಲಸ. ಮೇಲಿನ ಕೋಣೇಲಿರೋ ಫೈನಲ್ ಹುಡುಗಿಗೆ ಗಂಟಲು ಕಟ್ಟಿದೆ. ಡಾಕ್ಟರು ಬಂದಿದ್ದಾರೆ, ಅವಳು ಹೆದರ್ತಾಳೆ. ನೀನು ಗೆದ್ದವಳು, ನೀನು ಹೇಳಿದ್ರೆ ಕೇಳ್ತಾಳೆ."

"ಸಾರ್, ನನಗೆ ಆದದ್ದು..."

"ನಿನಗೇನಾಗಿದೆ? ಊರೆಲ್ಲ ಗುರುತು ಹಿಡಿಯುತ್ತೆ." ಅವನು ಅವಳ ಕಡೆ ನೀರಿನ ಲೋಟ ಸರಿಸಿದ. "ಫೋಟೋ ತೆಗೆದರಂತೆ? ತಲೆ ಕೆಡಿಸ್ಕೋಬೇಡ. ಗೋಡೆಗೆ ಹಾಕೋದು ಬಿಡೋದು ನಮ್ಮ ಕೈಲೇ ಇರೋದಲ್ವಾ?"

ಅವಳು ಮೆಟ್ಟಿಲು ಹತ್ತಿದಳು. ಅಣ್ಣನ ಖಾಲಿ ಕೈ, ಅಮ್ಮನ ಮಾತ್ರೆ, ಮನೆಯ ಬಾಡಿಗೆ ಎಲ್ಲವೂ ಅವಳ ಬೆನ್ನಿಗೆ ನೇತುಬಿದ್ದು ಹತ್ತಿದವು.

ಕೋಣೆಯಲ್ಲಿ ಬಲ್ಬುಗಳ ಕನ್ನಡಿಯ ಮುಂದೆ ಹುಡುಗಿ ಶಾಲು ಸುತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ, ಬಸ್ ಓಡಿಸುವವನು, ಸಮವಸ್ತ್ರದಲ್ಲೇ ಬಂದಿದ್ದ. ಡಾಕ್ಟರು ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದರು. ಸ್ಟೀಲ್ ತಟ್ಟೆಯಲ್ಲಿ ಸಿರಿಂಜ್ ತುಂಬಿಸಿಟ್ಟಾಗಿತ್ತು.

"ಬನ್ನಿ ತಾಯಿ, ನೀವೇ ಬುದ್ಧಿ ಹೇಳಿ. ನಾಲ್ಕು ಟ್ರಿಪ್ ರಜೆ ಹಾಕಿ ಬಂದಿದೀನಿ, ಇವಳು ನೋಡಿದ್ರೆ ಮುಷ್ಕರ ಹೂಡಿದಾಳೆ" ಎಂದ ಅಪ್ಪ. ನಗಿಸಲು ನೋಡಿದ, ಯಾರೂ ನಗಲಿಲ್ಲ.

ಹುಡುಗಿ ಪಿಸುದನಿಯಲ್ಲಿ ಕೇಳಿದಳು. "ಅಕ್ಕಾ, ನೀವೂ ಹಾಕಿಸ್ಕೊಂಡಿದ್ರಾ?"

"ಹೂಂ."

"ಆಮೇಲೆ?"

ಎಷ್ಟೋ ಸಂದರ್ಶನಗಳಲ್ಲಿ ಹೇಳಿ ಹೇಳಿ ನುಣುಪಾದ ಮಾತು ತಾನಾಗಿ ನಾಲಿಗೆಗೆ ಬಂತು. "ಆಮೇಲೆ ಏನಿಲ್ಲಮ್ಮ, ನನಗೇ ನಟನೆ ಇಷ್ಟ ಆಯ್ತು. ಹಾಡೋದು ಬಿಟ್ಟೆ."

ಹುಡುಗಿಯ ಭುಜ ಸಡಿಲವಾಯಿತು. ಅಷ್ಟೇನಾ ಎನ್ನುವಂತೆ ಅಪ್ಪನ ಕಡೆ ನೋಡಿ ಶಾಲು ಸರಿಸಿದಳು, ಅಂಗಿಯ ತೋಳು ಮೇಲೆ ಮಡಚತೊಡಗಿದಳು. ಡಾಕ್ಟರು ಮೊಬೈಲ್ ಜೇಬಿಗಿಳಿಸಿ ಹತ್ತಿಗೆ ಸ್ಪಿರಿಟ್ ಸುರಿದರು. ಆ ವಾಸನೆ ತುತ್ತೂರಿಯ ಮೂಗಿಗೆ ಬಡಿಯಿತು. ತಾನೂ ಹೀಗೇ ತೋಳು ಮಡಚಿದ್ದಳು. ಅಂದು ಯಾರಾದರೂ ಒಬ್ಬರು ನಿಜ ಹೇಳಿದ್ದರೆ?

"ತಡಿ" ಎಂದಳು. "ಸುಳ್ಳು ಹೇಳಿದೆ. ಕೇಳು."

ಬಾಯಿ ತೆರೆದು ಮೇಲಿನ ಸ್ವರಕ್ಕೆ ಹೋದಳು. ಬಚ್ಚಲಮನೆಯ ಹೊರಗೆ ಆ ಪ್ರಯತ್ನ ಮಾಡಿದ್ದು ಅದೇ ಮೊದಲು. ಕೆಳಗಿನಿಂದ ಹತ್ತಿದ ದನಿ ಅರ್ಧಕ್ಕೆ ಹರಿದು, ತಗಡು ಕೆರೆದಂಥ ಸದ್ದಾಗಿ, ಆಮೇಲೆ ಬರಿ ಗಾಳಿಯಾಯಿತು. ಅವಳು ಬಾಯಿ ಮುಚ್ಚಲಿಲ್ಲ. ಗಾಳಿ ಹೋಗುತ್ತಲೇ ಇತ್ತು. ಹುಡುಗಿ ತೋಳನ್ನು ಎದೆಗೆ ಎಳೆದುಕೊಂಡಳು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಬಾಗಿಲಲ್ಲಿ ಸಕ್ಕರೆ ಸಾರ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಆಯ್ತಾ ನಾಟಕ?" ಎಂದ. ಕಂದಾ ಎನ್ನಲಿಲ್ಲ. "ಹುಡುಗಿ ನಡುಗ್ತಿದಾಳೆ, ಸೂಜಿ ಮುರಿದೀತು. ಅವಳ ಕೈ ಗಟ್ಟಿಯಾಗಿ ಹಿಡ್ಕೋ. ಇಲ್ಲಾಂದ್ರೆ ನಾಳೆ ನಿನ್ನ ಹಾಳೇಲಿ ಏನು ಬರುತ್ತೆ ಅಂತ ನಿನಗೇ ಗೊತ್ತು."

ತುತ್ತೂರಿಗೆ ಗೊತ್ತಿತ್ತು. ಅವಳು ಹುಡುಗಿಯ ಶಾಲನ್ನು ಎತ್ತಿ ಮತ್ತೆ ಭುಜಕ್ಕೆ ಹೊದಿಸಿದಳು.

"ಹಿಡ್ಕೊಳ್ಳಲ್ಲ" ಎಂದಳು.