ಕೆಮ್ಮಣ್ಣಿನ ಪಕ್ಕದ ಮಾತ್ರೆ ಹಾಳೆ

ಹತ್ತು ಬಿಳಿ ಮಾತ್ರೆಗಳನ್ನು ಹೊಟ್ಟೆಯಲ್ಲಿ ಹೊತ್ತೇ ನಾನು ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ವಿದ್ಯೆ ಒಂದೇ. ಸೀತಾಳೆ ಸಿಡುಬು, ಸರ್ಪಸುತ್ತು ತರುವ ವೈರಸ್ಸು ಮೈಯೊಳಗೆ ಸಂಸಾರ ಬೆಳೆಸದಂತೆ ತಡೆಯುತ್ತೇನೆ. ನೆಗಡಿಗೆ ನನ್ನನ್ನು ಕೇಳಬೇಡಿ, ಆ ಕಡೆ ನನಗೆ ನೆಂಟಸ್ತಿಕೆಯಿಲ್ಲ.

ತಾಲ್ಲೂಕಿನ ಔಷಧಿ ಅಂಗಡಿಯಲ್ಲಿ ಮೂರು ತಿಂಗಳು ಕೆಮ್ಮಿನ ಸಿರಪ್ಪಿನ ಹಿಂದೆ ಕೂತಿದ್ದೆ. ಒಂದು ಬೆಳಿಗ್ಗೆ ಕುಂಬಾರ ಗುರುಸಿದ್ದಪ್ಪ ಹಣೆ ಮುಚ್ಚುವಂತೆ ರುಮಾಲು ಸುತ್ತಿಕೊಂಡು ಕಳ್ಳನ ಹಾಗೆ ಬಂದ. ಸರ್ಪಸುತ್ತು ಎದ್ದವರ ಗುಳ್ಳೆಗಳ ಸುತ್ತ ಕೆಮ್ಮಣ್ಣಿನ ಗೆರೆ ಬರೆದು, ಸರ್ಪದ ತಲೆ ಬಾಲ ಕೂಡದಂತೆ ಕಟ್ಟುವುದು ಅವನ ಮನೆತನದ ಕೆಲಸ. ನಲವತ್ತು ವರ್ಷ ಊರಿಗೆಲ್ಲ ಬರೆದವನ ಹಣೆಯ ಮೇಲೇ ಈಗ ಅದು ಎದ್ದು ಕಣ್ಣಿನತ್ತ ಇಳಿಯುತ್ತಿತ್ತು. ತಡಮಾಡಿದರೆ ಕಣ್ಣು ಹೋದೀತು, ದಿನಕ್ಕೆ ಐದು ಸಲ, ಏಳು ದಿನ ನುಂಗಬೇಕು ಎಂದಿದ್ದರು ಡಾಕ್ಟರಮ್ಮ. ಒಡಹುಟ್ಟಿದ ಮೂವರ ಜೊತೆ ನಾನು ಅವನ ಜೇಬು ಸೇರಿದೆ.

ಮನೆಗೆ ಬಂದವನು ಮಾಡಿದ್ದೇನು ಗೊತ್ತೇ? ನನ್ನ ಮೊದಲ ಮಾತ್ರೆಯನ್ನು ಅರೆದು ಕೆಮ್ಮಣ್ಣಿಗೆ ಕಲಸಿ, ಕನ್ನಡಿ ನೋಡಿಕೊಂಡು ಹಣೆಗೆ ಗೆರೆ ಎಳೆಯಹೊರಟ. ನನಗೆ ಅಳುವೇ ಬಂತು. ಪುಣ್ಯಕ್ಕೆ ಹೆಂಡತಿ ನೀಲವ್ವ ಕಂಡಳು.

"ಹಸಿ ಗಡಿಗಿಗೆ ಮ್ಯಾಲೆ ಬಣ್ಣ ಬಳದ್ರ ನೀರು ನಿಂದರತೈತೇನು? ಆವಿಗ್ಯಾಗ ಬೇಯಬೇಕೋ ಬ್ಯಾಡೋ?"

"ಹಂಗಾರ ನನಗ ಯಾರು ಬರೀಬೇಕು?"

"ಯಾರೂ ಬರ್ಯಾಂಗಿಲ್ಲ. ನುಂಗ್ರಿ."

ನುಂಗಿದ. ಆ ಮನೆಯ ಗಡಿಯಾರ ನಿಂತು ವರ್ಷವಾಗಿತ್ತು. ಓಣಿಯ ಮಸೀದಿಯ ಬಾಂಗು ದಿನಕ್ಕೆ ಐದು ಸಲ ತಪ್ಪದೆ ಕೇಳುತ್ತದಲ್ಲ, ಒಂದೊಂದು ಬಾಂಗಿಗೆ ಒಂದೊಂದು ಮಾತ್ರೆ ಎಂದು ನೀಲವ್ವ ಕಟ್ಟುಮಾಡಿದಳು. ನಾಲ್ಕನೆಯ ದಿನ ಉರಿ ಇಳಿಯಿತು, ಗುರುಸಿದ್ದಪ್ಪನಿಗೆ ಸೋಮಾರಿತನ ಹತ್ತಿ ಮಧ್ಯಾಹ್ನದ ಮಾತ್ರೆ ಬಿಟ್ಟ. ಸಂಜೆ, ನೀಲವ್ವ ಹೇಳಿಕಳಿಸಿದ್ದಕ್ಕೆ, ಬಾಂಗು ಕೊಡುವ ದಸ್ತಗೀರಸಾಬರೇ ಬಾಗಿಲಿಗೆ ಬಂದರು.

"ನಾ ಐದು ಸಲ ಕೂಗತೀನಿ, ನೀ ನಾಕ ಸಲ ನುಂಗಿದ್ರ ಹೆಂಗ ಗುರುಸಿದ್ದಪ್ಪ?"

ಎಂಟನೆಯ ದಿನ ಅವನು ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ತಿಗರಿಯ ಮೇಲಿನ ಗಡಿಗೆಯ ಕಂಠ ನೋಡಿದ. ಗೆರೆ ಗೆರೆಯೂ ಕಂಡಿತು. ಗಂಡ ಹೆಂಡತಿ ಇಬ್ಬರೂ ಅತ್ತರು, ಖಾಲಿ ಹೊಟ್ಟೆಯ ನಾನು ಹಿಗ್ಗಿದೆ.

ಈಗ ಗೋಡೆಯ ಗೂಡಿನಲ್ಲಿ ಕೆಮ್ಮಣ್ಣಿನ ಬಟ್ಟಲಿನ ಪಕ್ಕ ನನ್ನ ವಾಸ. ಹೊಳಪು ಮಾಸಿದೆ, ಅಂಚು ಹರಿದಿದೆ. ಗೆರೆ ಬರೆಸಿಕೊಳ್ಳಲು ಬಂದವರಿಗೆ ಗುರುಸಿದ್ದಪ್ಪ ಮೊದಲು ನನ್ನನ್ನೇ ತೋರಿಸುತ್ತಾನೆ. "ಇವತ್ತ ಡಾಕ್ಟರಮ್ಮನ ಕಡೆ ಹೋಗ್ರಿ. ಅವರು ಕೊಟ್ಟ ಗುಳಿಗಿ ಮುಗಿದ ಮ್ಯಾಲೆ ಬರ್ರಿ, ಬರೀತೀನಿ."

ಮುಗಿಸಿ ಬಂದವರಿಗೆ ಗೆರೆಯ ನೆನಪೇ ಇರುವುದಿಲ್ಲ. ಚಹಾ ಕುಡಿದು, ಒಂದು ಗಡಿಗೆ ಕೊಂಡು ಹೋಗುತ್ತಾರೆ.