ಮೂವತ್ತೊಂಬತ್ತು ಚೀಟಿಗಳು

ಹಾಸಿನ ಮೂಲೆಯಲ್ಲಿ ನಾನೂರ ಹದಿನೇಳು ಎಂದು ಬರೆಯುತ್ತಿದ್ದ ಗುರುತಿನಕ್ಕನ ಕೈ ಕೊನೆಯ ಅಂಕಿಗೆ ಬಂದು ನಿಂತುಬಿಟ್ಟಿತು. ಮಧ್ಯಾಹ್ನ ಎರಡೂವರೆ ಗಂಟೆ, ಕಿಟಕಿಯಿಂದ ಬೆಂಕಿಯಂಥ ಬಿಸಿಲು, ಪಕ್ಕದ ಕೋಣೆಯಲ್ಲಿ ಬಟ್ಟೆ ಕುದಿಸುವ ಡ್ರಮ್ಮುಗಳ ಹಬೆ. ಅಷ್ಟರ ನಡುವೆಯೂ ಅವಳ ಕೈಕಾಲು ತಣ್ಣಗಾದವು.

"ಅಯ್ಯೋ ನನ್ನ ಕೈ ಮುರಿಯ, ಚೀಟಿಗೂ ಬರೆದುಬಿಟ್ಟೆನಲ್ಲ" ಎಂದಳು. ಯಾರಿಗೂ ಕೇಳಿಸಲಿಲ್ಲ. ಡ್ರಮ್ಮು ತಿರುಗುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಅದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಹಾಸು, ಹೊದಿಕೆ, ದಿಂಬಿನ ಚೀಲ ಗಂಟುಗಟ್ಟಲೆ ಬರುತ್ತವೆ. ಪ್ರತಿಯೊಂದರ ಮೂಲೆಗೂ ಅಳಿಸಲಾಗದ ಶಾಯಿಯಲ್ಲಿ ನಂಬರು ಬರೆದು, ಅದು ಯಾರದೆಂದು ಉದ್ದನೆಯ ಪುಸ್ತಕದಲ್ಲಿ ಏರಿಸುವುದು ಅವಳ ಕೆಲಸ. ಅದಕ್ಕೇ ಅವಳು ಎಲ್ಲರಿಗೂ ಗುರುತಿನಕ್ಕ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೈವಸ್ತ್ರವೂ ಕಳೆದಿಲ್ಲ ಎಂದು ಬಂದವರ ಹೋದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು. ಕೆಲಸದಲ್ಲಿ ಜಾಣೆ, ಸಂಶಯವೇ ಇಲ್ಲ. ಆದರೆ ಜಾಣತನವನ್ನು ಎಲ್ಲಿ ತೋರಿಸಬೇಕು ಎಲ್ಲಿ ತೋರಿಸಬಾರದು ಎಂಬುದು ಎಷ್ಟು ಜನರಿಗೆ ತಿಳಿಯುತ್ತದೆ, ಹೇಳಿ?

ಊರಿನ ಚುನಾವಣೆಗೆ ಇನ್ನು ಮೂರು ವಾರವಿತ್ತು. ನಾಲ್ಕು ಶನಿವಾರದಿಂದ ಊಟದ ಹೊತ್ತಿಗೆ ಲೈಬ್ರರಿ ಮೇಡಂ ಬರುತ್ತಿದ್ದಳು. ಸಣಕಲು ಹೆಂಗಸು, ಹೆಗಲಿಗೆ ತನಗಿಂತ ಭಾರದ ಚೀಲ. ಕಾಲೇಜುಗಳಿಗೆ ಹೋಗಿ ಹದಿನೆಂಟು ತುಂಬಿದ ಮಕ್ಕಳ ಹೆಸರನ್ನು ಮತದಾರರ ಪಟ್ಟಿಗೆ ಬರೆಸುವುದು, ಕಾರ್ಖಾನೆಗಳಿಗೆ ಹೋಗಿ ಹೆಂಗಸರಿಗೆ ಮತ ಹಾಕುವುದನ್ನು ಹೇಳಿಕೊಡುವುದು, ಇದೇ ಅವಳಿಗೆ ಹಗಲೂ ರಾತ್ರಿ. ಅರ್ಜಿ ತುಂಬುವುದು ಹೇಗೆ, ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ನೋಡುವುದು ಹೇಗೆ, ಹೋಗುವಾಗ ಏನೇನು ಕೈಯಲ್ಲಿರಬೇಕು, ಎಲ್ಲವನ್ನೂ ಮೊದಲಿಂದ ಹೇಳಿದ್ದಳು. ಕಾರ್ಖಾನೆಯ ಮೂವತ್ತೊಂಬತ್ತು ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ ಮೇಲೆ ಒಂದು ಸಲವೂ ಮತ ಹಾಕಿದವರಲ್ಲ. ಇಸ್ತ್ರಿ ಮೇಜಿನಲ್ಲಿದ್ದ ಗುರುತಿನಕ್ಕನ ತಂಗಿಯ ಮಗಳಿಗಂತೂ ಆ ವರ್ಷವಷ್ಟೇ ಹದಿನೆಂಟು ತುಂಬಿತ್ತು.

ಮಾಲೀಕ ಇದಕ್ಕೆ ಒಪ್ಪಿದ್ದು ದೊಡ್ಡ ಮನಸ್ಸಿನಿಂದೇನಲ್ಲ. ಚುನಾವಣೆಗೆ ನಿಂತವನು ಅವನ ಭಾವಮೈದುನ. ಎದುರಿಗೆ ನಿಂತವಳು ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ತನ್ನ ಕಾರ್ಖಾನೆಯ ಮೂವತ್ತೊಂಬತ್ತು ಮತವೂ ಮನೆಯ ಮತವೇ ಎಂದು ಮಾಲೀಕನ ಲೆಕ್ಕ. ಹಿಂದಿನ ಚುನಾವಣೆಯಲ್ಲಿ ಇಸ್ತ್ರಿ ಮೇಜಿನ ಇಬ್ಬರು ಎದುರು ಪಾಳಯದ ಸಭೆಯಲ್ಲಿ ಕಾಣಿಸಿಕೊಂಡಿದ್ದರು. ಮುಂದಿನ ವಾರ ಅವರಿಬ್ಬರೂ ಕೆಲಸದಲ್ಲಿರಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಆ ದಿನ ನಾಲ್ಕನೇ ಶನಿವಾರ. ಊಟದ ಹೊತ್ತಿಗೆ ಬಂದ ಮೇಡಂ, "ಇವತ್ತು ಸುಮ್ನೆ ಆಟಕ್ಕೆ ಮತ ಹಾಕೋಣ, ಆಗ ಆವತ್ತಿನ ದಿನ ಕೈ ನಡುಗಲ್ಲ" ಎಂದಳು. ಆಟಕ್ಕೆ ಎರಡು ಗುರುತು ಇಟ್ಟಳು, ಹೂಜಿ ಮತ್ತು ಬಾಚಣಿಗೆ.

ಡ್ರಮ್ಮಿನ ಕೋಣೆಯ ಹೆಂಗಸೊಬ್ಬಳನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು. ಅವಳು ಪಿಸುಗುಟ್ಟಿದರೂ ರಸ್ತೆಗೆ ಕೇಳುತ್ತಿತ್ತು. ಅವಳ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಮಾಲೀಕರ ಬಾಮೈದನಿಗೆ ಬಾಚಣಿಗೆ ಯಾತಕ್ಕೆ ಮೇಡಂ? ತಲೇಲಿ ಒಂದು ಕೂದಲಿದ್ರೆ ಕೇಳಿ. ಅವರು ಹೂಜಿನೇ ಆಗ್ಲಿ ಬಿಡಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ನಗಲಿಲ್ಲ. ಆಟದ ಚುನಾವಣೆ ಆಟವಾಗಿ ಉಳಿದದ್ದು ಅಲ್ಲಿಯವರೆಗೆ ಮಾತ್ರ. ಹೂಜಿ ಎಂದರೆ ಭಾವಮೈದುನ, ಬಾಚಣಿಗೆ ಎಂದರೆ ದಾದಿ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದುಹೋಯಿತು.

ಮೇಡಂ ಮಾತ್ರ, "ಯಾರು ಯಾವುದಕ್ಕೆ ಹಾಕಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ. ಗಂಡ ಕೇಳಿದ್ರೂ ಹೇಳ್ಬೇಡಿ, ಅತ್ತೆ ಕೇಳಿದ್ರೂ ಹೇಳ್ಬೇಡಿ. ಗುಟ್ಟು ಅಂದ್ರೆ ಗುಟ್ಟು" ಎಂದಳು. ಹಾಸು ಒಣಗಿಸುವ ಹಗ್ಗಕ್ಕೆ ಒಂದು ಹೊದಿಕೆ ಇಳಿಬಿಟ್ಟು ಮರೆ ಮಾಡಿದ್ದರು. ಒಬ್ಬೊಬ್ಬರೇ ಮರೆಗೆ ಹೋಗಿ, ಚೀಟಿಯಲ್ಲಿ ಗುರುತು ಹಾಕಿ, ಮಡಚಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಬಂದರು.

ಆ ಚೀಟಿಗಳನ್ನು ಮಾಡಿದವಳು ಗುರುತಿನಕ್ಕ. "ಮೇಡಂ, ಅದೆಲ್ಲ ನನಗೆ ಬಿಡಿ" ಎಂದು ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. ಬೆಳಿಗ್ಗೆ ಕಾಗದ ಕತ್ತರಿಸಿದಳು, ಹೂಜಿ ಬಾಚಣಿಗೆ ಬಿಡಿಸಿದಳು. ಆಮೇಲೆ ಅವಳ ಕೈ ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದದ್ದನ್ನು ಮಾಡಿತು. ಪ್ರತಿ ಚೀಟಿಯ ಹಿಂಬದಿ ಮೂಲೆಯಲ್ಲಿ ಒಂದು ಸಣ್ಣ ನಂಬರು. ಹಂಚುವಾಗ ಪುಸ್ತಕದಲ್ಲಿ ಆ ನಂಬರಿನ ಮುಂದೆ ಹೆಂಗಸಿನ ಹೆಸರು. ಕೊಟ್ಟದ್ದು ಹಿಂದಿರುಗಿ ಬಂತೋ ಇಲ್ಲವೋ ತಿಳಿಯಬೇಡವೇ? ಮೊದಲ ನಂಬರು ಯಥಾಪ್ರಕಾರ ತನ್ನದು. ತಂಗಿಯ ಮಗಳದು ಹದಿನೇಳು. ಹಾಸಿನ ಮೇಲೆ ಹದಿನೇಳು ಬರೆಯುವಾಗಲೇ ಅವಳಿಗೆ ಅದು ನೆನಪಾದದ್ದು.

ಎಣಿಕೆ ಎಲ್ಲರೆದುರೇ ಆಗಬೇಕಿತ್ತು. ಆದರೆ ಊಟದ ಗಂಟೆ ಮುಗಿಯಿತು, ಮೇಡಂ ಇನ್ನೊಂದು ಕಡೆ ಹೋಗಬೇಕಿತ್ತು. "ಪೆಟ್ಟಿಗೆ ನನ್ನ ಹತ್ರ ಇರಲಿ, ಸಂಜೆ ಎಣಿಸಿದ್ರಾಯ್ತು" ಎಂದು ಸೂಪರ್‌ವೈಸರ್ ಅದನ್ನು ಕಂಕುಳಲ್ಲಿ ಇರುಕಿಕೊಂಡು ತನ್ನ ಗಾಜಿನ ಕೋಣೆಗೆ ಹೋದ.

ಗುರುತಿನಕ್ಕ ಕತ್ತು ಎತ್ತಿ ಆ ಕಡೆ ನೋಡಿದಳು. ಗಾಜಿನೊಳಗೆ ಮೇಜಿನ ಮೇಲೆ ಪೆಟ್ಟಿಗೆ ಇತ್ತು. ಅದರ ಮುಚ್ಚಳ ತೆರೆದಿತ್ತು. ಸೂಪರ್‌ವೈಸರ್ ಇರಲಿಲ್ಲ, ಮಾಲೀಕನ ಕೋಣೆಯ ಬಾಗಿಲು ಮುಚ್ಚಿತ್ತು.

ಚೀಟಿ ಅವರ ಕೈಯಲ್ಲಿದೆ, ಹೆಸರು ತನ್ನ ಪುಸ್ತಕದಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಗಂಡ ಹಾಸಿಗೆ ಹಿಡಿದ ಇಸ್ತ್ರಿಯವಳು, ಮೂರು ಮಕ್ಕಳನ್ನು ಒಬ್ಬಳೇ ಸಾಕುವ, ಬಟ್ಟೆ ಮಡಚುವ ಮಡಿಕೆಯವಳು, ಬಾಯಿಬಡುಕಿ ಗುಡುಗು, ತನ್ನ ಕೈ ಹಿಡಿದೇ ಕೆಲಸಕ್ಕೆ ಬಂದ ತಂಗಿಯ ಮಗಳು, ಯಾರು ಯಾರು ಏನು ಹಾಕಿದ್ದಾರೋ! ಯಾರಿಗೂ ಗೊತ್ತಾಗುವುದಿಲ್ಲ ಎಂಬ ಒಂದು ಮಾತು ನಂಬಿ ಹಾಕಿದ್ದಾರೆ. ನಂಬಿದವರ ಕುತ್ತಿಗೆಗೆ ತಾನೇ ಹಗ್ಗ ಹೊಸೆದು ಕೊಟ್ಟಂತಾಯಿತು.

ಹೆಚ್ಚು ಯೋಚಿಸಿದ್ದರೆ ಅವಳು ಕುಳಿತಲ್ಲೇ ಕುಳಿತಿರುತ್ತಿದ್ದಳು. ಯೋಚಿಸಲಿಲ್ಲ. ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡು ಡ್ರಮ್ಮಿನ ಕೋಣೆಗೆ ಹೋದಳು. ಹೆಸರುಗಳಿದ್ದ ಹಾಳೆಯನ್ನು ಕಿತ್ತಳು. ಎಳೆದ ರಭಸಕ್ಕೆ ಅದು ಎರಡು ತುಂಡಾಗಿ ಬಂತು. ಮೂರನೇ ಡ್ರಮ್ಮಿಗೆ ಆಸ್ಪತ್ರೆಯ ಹಾಸು ತುಂಬುತ್ತಿದ್ದರು, ಅದರ ಮಡಿಕೆಯೊಳಗೆ ಎರಡು ತುಂಡನ್ನೂ ತುರುಕಿದಳು. ಡ್ರಮ್ಮು ತಿರುಗತೊಡಗಿದ ಮೇಲೂ ಅಲ್ಲೇ ನಿಂತಿದ್ದಳು. ಗುಡುಗು ಅವಳ ಮುಖ ನೋಡಿ, "ಏನಕ್ಕಾ, ದೆವ್ವ ಕಂಡ್ಯಾ?" ಎಂದು ಕೂಗಿದಳು. ಗುರುತಿನಕ್ಕ ಜಾಗಕ್ಕೆ ಮರಳಿದಳು.

ನಾಲ್ಕು ಗಂಟೆಗೆ ಕರೆ ಬಂತು. "ಪುಸ್ತಕ ತಗೊಂಡು ಬರ್ಬೇಕಂತೆ."

ಮಾಲೀಕನ ಕೋಣೆಯಲ್ಲಿ ತಂಪಾಗಿತ್ತು. ಮೇಜಿನ ಮೇಲೆ ಚೀಟಿಗಳನ್ನು ಎರಡು ಗುಂಪು ಮಾಡಿ, ಬೋರಲು ಹಾಕಿ, ಸಾಲಾಗಿ ಜೋಡಿಸಿದ್ದರು. ಮೂಲೆಯ ನಂಬರುಗಳೆಲ್ಲ ಅವಳ ಕಡೆಗೇ ನೋಡುತ್ತಿದ್ದವು. ಅವಳದೇ ಕೈಬರಹ, ಮುತ್ತು ಪೋಣಿಸಿದ ಹಾಗೆ.

"ಕೂತ್ಕೋ" ಎಂದ ಮಾಲೀಕ. ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. "ನಿನ್ನ ಕೆಲಸ ಅಂದ್ರೆ ಕೆಲಸ ನೋಡು. ನಾವು ಹೇಳದೇ ಇದ್ರೂ ನಂಬರ್ ಹಾಕಿದ್ದೀಯ. ಹೂಜಿಗೆ ಹದಿಮೂರು. ಬಾಚಣಿಗೆಗೆ ಇಪ್ಪತ್ತಾರು. ನನ್ನ ಅನ್ನ ತಿಂದು ಇಪ್ಪತ್ತಾರು ಜನ! ಯಾರು ಅಂತ ಓದು."

ಅವಳು ಪುಸ್ತಕವನ್ನು ಮುಂದಿಟ್ಟಳು. ಸೂಪರ್‌ವೈಸರ್ ಪುಟ ತಿರುವಿದ, ಮತ್ತೆ ತಿರುವಿದ. "ಹಾಳೆ ಹರಿದಿದೆ ಸಾರ್."

"ಹಾಳೆ ಎಲ್ಲಿ?"

"ಒದ್ದೆಯಾಯ್ತು ಸಾರ್. ಬಿಸಾಕಿದೆ."

ಮಾಲೀಕ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಹೋಗ್ಲಿ, ಹಾಳೆ ಯಾಕೆ? ಐದು ವರ್ಷದ ಹಿಂದೆ ಬಂದ ಹಾಸಿನ ನಂಬರೂ ನಿನಗೆ ಬಾಯಿಪಾಠ. ಬಾಯಲ್ಲೇ ಹೇಳು. ಹದಿನೇಳು ಯಾರು?"

ಹದಿನೇಳು ಬಾಚಣಿಗೆಯ ಗುಂಪಿನಲ್ಲಿತ್ತು. ಹದಿನೆಂಟು ವರ್ಷದ ಹುಡುಗಿ. ಮೊನ್ನೆ ತಾನೆ ಪಟ್ಟಿಯಲ್ಲಿ ತನ್ನ ಹೆಸರು ಅಚ್ಚಾದದ್ದು ನೋಡಿ ಕುಣಿದಾಡಿದ್ದಳು. ಗುರುತಿನಕ್ಕನಿಗೆ ಆ ಹುಡುಗಿಯ ಮೇಲೆ ಪ್ರೀತಿ ಉಕ್ಕಿತು, ಜೊತೆಗೇ ಎಂಥ ಎದೆಗಾರಿಕೆ ಈ ಮುಂಡೇದಕ್ಕೆ ಎಂದು ಸಿಟ್ಟೂ ಬಂತು. ಸಿಟ್ಟು ಬರಲು ಕಾರಣವಿತ್ತು. ತನಗೆ ಅಷ್ಟು ಎದೆಗಾರಿಕೆ ಇರಲಿಲ್ಲ.

"ಎಲ್ಲಾ ನಾನೇ ಹಾಕಿದ್ದು ಸಾರ್" ಎಂದಳು. "ಬಾಚಣಿಗೆ ಇಪ್ಪತ್ತಾರೂ ನಾನೇ ಹಾಕಿದ್ದು. ಚೀಟಿ ನನ್ನ ಕೈಲೇ ಇತ್ತಲ್ಲ."

ಸೂಪರ್‌ವೈಸರ್ ಕಿಸಕ್ಕನೆ ನಕ್ಕ. ಮಾಲೀಕ ಬಗ್ಗಿ ಹೂಜಿಯ ಗುಂಪಿನಿಂದ ಒಂದು ಚೀಟಿ ಎತ್ತಿ ಅವಳ ಮುಂದೆ ಇಟ್ಟ. ಒಂದನೇ ನಂಬರು.

"ನಿನ್ನ ಪುಸ್ತಕದಲ್ಲಿ ಮೊದಲನೇ ಹೆಸರು ಯಾವಾಗಲೂ ನಿಂದೇ. ನೀನು ಹಾಕಿದ್ದು ಹೂಜಿಗೆ. ನೀನು ನಮ್ಮವಳು, ನನಗೆ ಗೊತ್ತು. ಮತ್ಯಾಕೆ ಸುಳ್ಳು?"

ಆ ಚೀಟಿಯನ್ನು ನೋಡುತ್ತಾ ಅವಳಿಗೆ ಮೈಮೇಲಿನ ಬಟ್ಟೆ ಜಾರಿದಷ್ಟು ನಾಚಿಕೆಯಾಯಿತು. ಮರೆಯ ಹಿಂದೆ ಅವಳು ಬಾಚಣಿಗೆಯ ಮೇಲೆ ಪೆನ್ನು ಇಟ್ಟಿದ್ದಳು. ಆಮೇಲೆ ಬಾಗಿಲಲ್ಲಿ ನಿಂತವನ ಬೂಟಿನ ಸದ್ದು ಕೇಳಿ ಹೂಜಿಗೆ ಸರಿಸಿದ್ದಳು. ಅದು ಅವಳಿಗೂ ದೇವರಿಗೂ ಬಿಟ್ಟರೆ ಯಾರಿಗೂ ಗೊತ್ತಿರಬಾರದಾಗಿತ್ತು. ಈಗ ಇವರಿಬ್ಬರಿಗೆ ಗೊತ್ತು. ಗುಟ್ಟು ಅಂದರೆ ಗುಟ್ಟು ಎಂದು ಆ ಸಣಕಲು ಮೇಡಂ ನಾಲ್ಕು ವಾರ ಯಾಕೆ ಬಡಿದುಕೊಂಡಳು ಎಂದು ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲಿ.

"ಅದೊಂದು ಹೆದರಿ ಹಾಕಿದ್ದು ಸಾರ್" ಎಂದಳು. ದನಿ ಅಳುವಿಗೆ ತಿರುಗಿತ್ತು. "ಉಳಿದಿದ್ದು ನಂಗೊತ್ತಿಲ್ಲ. ನೆನಪಿಲ್ಲ."

"ನೆನಪು ಮಾಡ್ಕೋ. ಸೋಮವಾರ ಬೆಳಿಗ್ಗೆ ಹೆಸರು ಬರ್ಕೊಂಡು ಬಾ. ಇಲ್ಲ ಅಂದ್ರೆ ಬರ್ಲೇಬೇಡ."

ಐದಕ್ಕೆ ಡ್ರಮ್ಮುಗಳು ನಿಂತವು. ಹೆಂಗಸರು ಬಟ್ಟೆ ಬದಲಿಸುವ ಕೋಣೆಗೆ ಬಂದರು. ಗುರುತಿನಕ್ಕ ಬಾಗಿಲಿಗೆ ಅಗುಳಿ ಹಾಕಿ ಅದಕ್ಕೇ ಒರಗಿ ನಿಂತಳು. ಮಾಲೀಕನ ಮುಂದೆ ಕೂತಾಗಿನ ಹೆದರಿಕೆ ಒಂದು ತೂಕವಾದರೆ, ಈ ಮೂವತ್ತೆಂಟು ಮುಖಗಳ ಹೆದರಿಕೆ ಎರಡು ತೂಕ. ಆದರೂ ಹೇಳಿದಳು. ನಂಬರು ಬರೆದದ್ದು, ಹಾಳೆ ಹರಿದದ್ದು, ಸೋಮವಾರದ ಮಾತು, ಯಾವುದನ್ನೂ ಬಿಡಲಿಲ್ಲ.

ಮಡಿಕೆಯವಳು ಬೆಂಚಿನ ಮೇಲೆ ಕುಸಿದಳು. "ಮನೆಹಾಳಿ! ನಮ್ಮ ಹೊಟ್ಟೆ ಮೇಲೆ ಹೊಡೆದ್ಯಲ್ಲ!"

"ಯಾರ್ದು ಯಾವುದು ಅಂತ ನೋಡಿದ್ಯಾ ದೊಡ್ಡಮ್ಮ?" ತಂಗಿಯ ಮಗಳು ಕೇಳಿದಳು. ಮುಖ ಬಿಳಿಚಿಕೊಂಡಿತ್ತು.

"ಇಲ್ಲ ಕಣೆ, ನೋಡ್ಲಿಲ್ಲ" ಎಂದು ಗುರುತಿನಕ್ಕ ಸುಳ್ಳು ಹೇಳಿದಳು. "ನಂದು ಮಾತ್ರ ನೋಡಿದೆ. ನಾನು ಹೂಜಿಗೆ ಹಾಕಿದ್ದೆ, ಹೆದರ್ಕೊಂಡು."

"ಮತಗಟ್ಟೇಲೂ ಹೀಗೇ ಇರತ್ತೆ" ಎಂದಳು ಇಸ್ತ್ರಿಯವಳು. "ನಾನಂತೂ ಆವತ್ತು ಹೋಗಲ್ಲಮ್ಮ. ಸಾಕು ಈ ಸಹವಾಸ."

"ಅಲ್ಲಿ ನನ್ನಂಥ ಪೆದ್ದಿ ಕೂತಿರಲ್ಲ ಕಣೆ. ನೀನು ಬಂದೆ ಅಂತ ಬರ್ಕೋತಾರೆ ಅಷ್ಟೆ, ಯಾರಿಗೆ ಹಾಕಿದೆ ಅಂತ ಬರ್ಕೊಳಲ್ಲ. ತಪ್ಪು ನಂದು, ಮತದ್ದಲ್ಲ. ಬೈಯಿ, ಹೊಡಿ, ಆದ್ರೆ ಹೋಗ್ದೇ ಇರಬೇಡ." ಗುರುತಿನಕ್ಕ ಉಸಿರು ಎಳೆದುಕೊಂಡಳು. "ಸೋಮವಾರ ನಾನು ಹೆಸರು ಬರ್ಕೊಂಡು ಬರಲ್ಲ. ಬಾಚಣಿಗೆಗೆ ಹಾಕಿದೋರು ಇಪ್ಪತ್ತಾರು ಜನ ಅಂತೆ. ಅವರು ಬಾಯಿ ಮುಚ್ಕೊಂಡಿದ್ರೆ ಸಾಕು."

ಹೊರಗೆ ಸೂಪರ್‌ವೈಸರ್ ಬಾಗಿಲು ಬಡಿದು, "ಏನು ಒಳಗೆ ಮದುವೆ ನಡೀತಿದ್ಯಾ? ಬೇಗ ಬೇಗ!" ಎಂದು ಕೂಗಿದ. ಮೂವತ್ತೊಂಬತ್ತು ಜನರೂ ಬೆಚ್ಚಿದರು. ಆದರೆ ಯಾರೂ ಅಗುಳಿ ತೆಗೆಯಲು ಹೋಗಲಿಲ್ಲ.

ಗುಡುಗು ಹತ್ತಿರ ಬಂದಳು. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿ ಗೊತ್ತಿಲ್ಲದವಳು, ಆಗ ಅವಳ ದನಿ ಪಕ್ಕದಲ್ಲಿದ್ದವರಿಗೂ ಕೇಳುವಂತಿರಲಿಲ್ಲ.

"ಎಷ್ಟು ಜನ ಅಂದೆ?"

"ಇಪ್ಪತ್ತಾರು."

"ನಾನೊಬ್ಳೇ ಅಂದ್ಕೊಂಡಿದ್ದೆ" ಎಂದಳು ಗುಡುಗು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು.

ಬಾಗಿಲು ಬಡಿಯುವ ಸದ್ದು ಮತ್ತೆ ಕೇಳಿತು. ಗುರುತಿನಕ್ಕ ನೋಡಿದಳು. ಕೋಣೆಯ ತುಂಬ ಹೆಂಗಸರು ಉಸಿರು ಬಿಗಿಹಿಡಿದು ತಮ್ಮ ತಮ್ಮ ಕಾಲ ಬೆರಳುಗಳನ್ನು ನೋಡುತ್ತಾ ನಿಂತಿದ್ದರು. ಒಬ್ಬಳಲ್ಲ, ಇಬ್ಬರಲ್ಲ, ಎಷ್ಟೋ ಜನ ಅದೇ ಮಾತನ್ನು ನುಂಗಿಕೊಂಡು ನಿಂತಿದ್ದರು.